ಕರಾವಳಿಯ ಕಿರುಬಾಯಿ ಕಪ್ಪೆಗಳನ್ನು ಗುರುತಿಸುವ ಬಗೆ

ಮುಂಗಾರು ಹಿಡಿದ ಮೊದಲ ರಾತ್ರಿಗಳಲ್ಲಿ ಕರಾವಳಿಯ ಗದ್ದೆ, ತೋಟ, ಹಿತ್ತಲುಗಳಲ್ಲೆಲ್ಲ ಕಪ್ಪೆಗಳ ಕೂಗು ತುಂಬಿಕೊಳ್ಳುತ್ತದೆ. ಮಂಗಳೂರು ನಗರದೊಳಗಿನ ಉರ್ವದಂತಹ ಕಡೆಗಳಲ್ಲಿಯೂ ತೆಂಗಿನ ಬುಡದಲ್ಲಿ, ಖಾಲಿ ನಿವೇಶನದ ತಗ್ಗಿನಲ್ಲಿ ನೀರು ನಿಂತರೆ ಈ ಕೂಗು ಕೇಳಿಬರುವುದುಂಟು. ಸದ್ದಿನ ಜಾಡು ಹಿಡಿದು ಟಾರ್ಚ್ ಬಿಟ್ಟು ನೋಡಿದರೆ ಕೆಲವೊಮ್ಮೆ ಹುಲ್ಲಿನ ಬುಡದಲ್ಲಿ ಕಾಣುವುದು ಹೆಬ್ಬೆರಳ ಉಗುರಿನಷ್ಟೇ ದೊಡ್ಡದಾದ ಒಂದು ಪ್ರಾಣಿ. ಇದನ್ನು ನೆಲಗಪ್ಪೆಯ ಮರಿಯೆಂದು ತಿಳಿಯುವವರೇ ಹೆಚ್ಚು. ಆದರೆ ಇದು ಮರಿಯಲ್ಲ, ಪೂರ್ಣ ಬೆಳೆದ ಬೇರೆಯೇ ಕಪ್ಪೆ. ವಿಜ್ಞಾನಿಗಳು ಇದರ ಕುಲವನ್ನು 'ಮೈಕ್ರೊಹೈಲ' ಎಂದು ಕರೆಯುತ್ತಾರೆ. ಬಾಯಿ ಕಿರಿದಾಗಿರುವುದರಿಂದ ಕಿರುಬಾಯಿ ಕಪ್ಪೆ ಎನ್ನಬಹುದು.

ಈ ಕುಲದ ಎರಡು ಹೊಸ ಜಾತಿಗಳು ಇತ್ತೀಚಿನ ವರ್ಷಗಳಲ್ಲಿ ನಮ್ಮ ಕರಾವಳಿಯಿಂದಲೇ ವಿಜ್ಞಾನಕ್ಕೆ ಪರಿಚಯವಾದವು. ಎರಡೂ ಸಿಕ್ಕಿದ್ದು ದಟ್ಟ ಕಾಡಿನಲ್ಲಲ್ಲ. ಒಂದು ಮುರಕಲ್ಲಿನ ಪಾದೆಯಲ್ಲಿ, ಇನ್ನೊಂದು ಕಾರ್ಖಾನೆಗಳ ಮಗ್ಗುಲಲ್ಲಿ.

ನೆಲಗಪ್ಪೆಯೋ, ಕಿರುಬಾಯಿಯೋ?

ಮೊದಲು ಚರ್ಮವನ್ನು ಗಮನಿಸಬೇಕು. ನೆಲಗಪ್ಪೆಯ ಚರ್ಮ ಒಣಗಿದಂತಿದ್ದು ಮೈತುಂಬ ಗಂಟುಗಳಿರುತ್ತವೆ. ಕಣ್ಣಿನ ಹಿಂದೆ ಎರಡೂ ಕಡೆ ಉಬ್ಬಿದ ವಿಷಗ್ರಂಥಿಗಳಿರುತ್ತವೆ. ತೀರ ಎಳೆಯ ಮರಿಗಳಲ್ಲಿ ಈ ಗ್ರಂಥಿ ಎದ್ದು ಕಾಣದಿರುವುದರಿಂದಲೇ ಗೊಂದಲವಾಗುತ್ತದೆ. ಕಿರುಬಾಯಿ ಕಪ್ಪೆಗೆ ಈ ಗ್ರಂಥಿಯೇ ಇಲ್ಲ. ಅದರ ತಲೆ ಚಿಕ್ಕದು, ಮೂತಿಯ ಕಡೆಗೆ ಕಿರಿದಾಗುತ್ತ ಹೋಗುತ್ತದೆ. ಹೊಟ್ಟೆಯ ಭಾಗ ಅಗಲ. ಕಿವಿದೆರೆ ಚರ್ಮದಡಿ ಅಡಗಿರುತ್ತದೆ. ಬೆನ್ನ ಮೇಲೆ ಸಾಮಾನ್ಯವಾಗಿ ಗಾಢ ಬಣ್ಣದ ಗುರುತುಗಳಿರುತ್ತವೆ.

ಇವೆಲ್ಲಕ್ಕಿಂತ ಸುಲಭವಾದ ಗುರುತು ಕೂಗು. ಸಂಗಾತಿಯನ್ನು ಕರೆಯಲು ಗಂಟಲಚೀಲ ಉಬ್ಬಿಸಿ ಕೂಗುವುದು ಬಲಿತ ಗಂಡು ಮಾತ್ರ. ಆದುದರಿಂದ ಉಗುರಿನಷ್ಟಿರುವ ಕಪ್ಪೆ ಹೀಗೆ ಕೂಗುತ್ತಿದ್ದರೆ ಅದು ಮರಿಯಲ್ಲವೆಂದು ನಿಶ್ಚಯಿಸಬಹುದು.

ಜಾತಿಯನ್ನು ನಿರ್ಧರಿಸುವುದು ಹೇಗೆ?

ಕಿರುಬಾಯಿ ಎಂದು ತಿಳಿದ ಮೇಲೆ ಯಾವ ಜಾತಿಯದು ಎಂಬ ಪ್ರಶ್ನೆ ಕಠಿಣ. ಫ್ರೆಂಚ್ ವಿಜ್ಞಾನಿಗಳಾದ ಡುಮೆರಿಲ್ ಮತ್ತು ಬಿಬ್ರಾನ್ 1841ರಲ್ಲಿ ಮಲಬಾರಿನ ಮಾದರಿಯಿಂದ 'ಮೈಕ್ರೊಹೈಲ ಆರ್ನೇಟ'ವನ್ನು ವಿವರಿಸಿದರು. ಬಹುಕಾಲ ನಾನಾ ಕಡೆಯ ಕಿರುಬಾಯಿ ಕಪ್ಪೆಗಳನ್ನು ಇದೇ ಹೆಸರಿನಡಿ ಸೇರಿಸಲಾಗುತ್ತಿತ್ತು. ಒಂದೇ ಜಾತಿಯಲ್ಲಿಯೂ ಬಣ್ಣ ಬದಲಾಗುವುದರಿಂದ ಕಣ್ಣಿಗೆ ಕಂಡದ್ದೊಂದನ್ನೇ ನೆಚ್ಚುವಂತಿಲ್ಲ.

ಈಗ ನಾಲ್ಕು ಸಾಕ್ಷ್ಯಗಳನ್ನು ಒಟ್ಟಿಗೆ ನೋಡಲಾಗುತ್ತದೆ. ಮೂತಿಯಿಂದ ಗುದದವರೆಗಿನ ಉದ್ದ, ಬೆರಳುಗಳ ತುದಿ, ಕಾಲ್ಬೆರಳ ನಡುವಿನ ಪೊರೆ ಮುಂತಾದ ಅಳತೆ-ಲಕ್ಷಣಗಳು ಮೊದಲನೆಯದು. ಧ್ವನಿಮುದ್ರಿಸಿದ ಕೂಗಿನ ಲಯ ಮತ್ತು ಸ್ವರಮಟ್ಟ ಎರಡನೆಯದು. ವಾಸದ ನೆಲೆ ಮೂರನೆಯದು. ಅಂಗಾಂಶದಿಂದ ತೆಗೆದ ಡಿ.ಎನ್.ಎ.ಯನ್ನು ತಿಳಿದಿರುವ ಜಾತಿಗಳೊಡನೆ ಹೋಲಿಸುವುದು ನಾಲ್ಕನೆಯದು. ಇವು ಒಂದಕ್ಕೊಂದು ತಾಳೆಯಾದಾಗ ಮಾತ್ರ ಹೊಸ ಜಾತಿಯೆಂದು ಹೆಸರಿಡಲಾಗುತ್ತದೆ.

ಮುರಕಲ್ಲಿನ ಕಪ್ಪೆ

ಉಡುಪಿ ಜಿಲ್ಲೆಯ ಮಣಿಪಾಲದ ಸುತ್ತ ಮುರಕಲ್ಲಿನ ಪಾದೆಗಳಲ್ಲಿ ಸಿಕ್ಕ ಕಪ್ಪೆಯನ್ನು 2016ರಲ್ಲಿ ಕೆ.ಎಸ್. ಶೇಷಾದ್ರಿ ಮತ್ತು ಸಂಗಡಿಗರು 'ಮೈಕ್ರೊಹೈಲ ಲ್ಯಾಟರೈಟ್' ಎಂಬ ಹೆಸರಿನಿಂದ ವಿವರಿಸಿದರು. ಉದ್ದ ಸುಮಾರು 16 ಮಿ.ಮೀ. ತಿಳಿಕಂದು ಮೈ, ಬೆನ್ನು, ಕೈಕಾಲು ಹಾಗೂ ಪಕ್ಕೆಗಳ ಮೇಲೆ ಎದ್ದು ಕಾಣುವ ಕಪ್ಪು ಗುರುತುಗಳು. ಇದರ ಕೂಗನ್ನು ಚಿಮ್ಮಂಡೆಯ ಸದ್ದೆಂದು ತಪ್ಪು ತಿಳಿಯುವ ಸಂಭವವಿದೆ. ಬೇಸಗೆಯಲ್ಲಿ ಬರಡಾಗಿ ಕಾಣುವ ಪಾದೆಯ ಮೇಲೆ ಮಳೆಗಾಲದಲ್ಲಿ ನಿಲ್ಲುವ ನೀರೇ ಇದಕ್ಕೆ ಆಸರೆ. ಅಂತಹ ನೆಲವನ್ನು ಜನರು 'ಪಾಳು' ಎಂದು ಕರೆದು ಕಲ್ಲು ಕಡಿಯಲು, ಕಸ ಸುರಿಯಲು ಬಳಸುತ್ತಾರೆ.

ಕೊಡಿಯಾಲದ ಕಪ್ಪೆ

ಎರಡನೆಯದು ಮಂಗಳೂರಿನದೇ. ಕೆ. ವಿನೀತ್ ಕುಮಾರ್ ಮತ್ತು ಸಂಗಡಿಗರು 2018ರಲ್ಲಿ 'ಝೂಟ್ಯಾಕ್ಸ' ಎಂಬ ಪತ್ರಿಕೆಯಲ್ಲಿ ಇದನ್ನು ವಿವರಿಸಿ 'ಮೈಕ್ರೊಹೈಲ ಕೊಡಿಯಾಲ್' ಎಂದು ಹೆಸರಿಟ್ಟರು. ಕೊಂಕಣಿಯಲ್ಲಿ ಮಂಗಳೂರಿಗೆ ಕೊಡಿಯಾಲ ಎನ್ನುತ್ತಾರೆ. ನಗರದ ಕೊಡಿಯಾಲಬೈಲಿನ ಹೆಸರಿನಲ್ಲಿರುವುದೂ ಇದೇ ಪದ. ಎರಡು ಸೆಂ.ಮೀ. ಆಸುಪಾಸಿನ ಈ ಕಪ್ಪೆ ಸಿಕ್ಕಿದ್ದು ನಗರದ ಕೈಗಾರಿಕಾ ಪ್ರದೇಶದಲ್ಲಿ, ಒಂದು ಕಡೆ ಕಾರ್ಖಾನೆಗಳು, ಇನ್ನೊಂದು ಕಡೆ ಅರಬ್ಬೀ ಸಮುದ್ರ ಇರುವ ಚಿಕ್ಕ ಜಾಗದಲ್ಲಿ. ವಿವರಣೆ ಪ್ರಕಟವಾದಾಗ ಬೇರೆಲ್ಲಿಯೂ ಇದರ ನೆಲೆ ತಿಳಿದಿರಲಿಲ್ಲ.

ಡಿ.ಎನ್.ಎ. ಪರೀಕ್ಷೆಯಲ್ಲಿ ಒಂದು ಸೋಜಿಗ ಹೊರಬಿತ್ತು. ಈ ಕಪ್ಪೆಯ ಹತ್ತಿರದ ನೆಂಟರು ಪಶ್ಚಿಮಘಟ್ಟದಲ್ಲಿಲ್ಲ, ಆಗ್ನೇಯ ಏಷ್ಯಾದಲ್ಲಿದ್ದಾರೆ! ಈ ಜಾಗದಲ್ಲಿ ಹಿಂದೆ ಹೊರದೇಶಗಳಿಂದ ತಂದ ಮರದ ದಿಮ್ಮಿಗಳನ್ನು ಪೇರಿಸಿಡಲಾಗುತ್ತಿತ್ತು. ಕಪ್ಪೆಯೂ ದಿಮ್ಮಿಗಳೊಡನೆ ಬಂದಿರಬಹುದೆಂಬುದು ಸಂಶೋಧಕರ ಊಹೆ. ಅದು ಎಲ್ಲಿಂದಲೇ ಬಂದಿರಲಿ, ಇಷ್ಟು ಚಿಕ್ಕ ನೆಲೆಯಲ್ಲಿ ಬದುಕುವ ಜಾತಿಯ ನೀರಿನ ತಗ್ಗುಗಳನ್ನು ಮಣ್ಣು ಹಾಕಿ ಮುಚ್ಚಿದರೆ, ಅದರ ಮೂಲವನ್ನು ತಿಳಿಯುವ ದಾರಿಯೂ ಮುಚ್ಚಿದಂತೆಯೇ.

ರೈತರು ಮಾಡಬಹುದಾದ್ದು

ಕಿರುಬಾಯಿ ಕಪ್ಪೆಗಳ ಮುಖ್ಯ ಆಹಾರ ಇರುವೆ, ಗೆದ್ದಲು ಮತ್ತಿತರ ಸಣ್ಣ ಕೀಟಗಳು. ಇವು ನಿಂತ ನೀರಿನಲ್ಲಿ ಮೊಟ್ಟೆಯಿಡುತ್ತವೆ. ಗಾಜಿನಂತೆ ಪಾರದರ್ಶಕವಾದ ಗೊದಮೊಟ್ಟೆಗಳು ನೀರಿನಲ್ಲಿ ತೇಲುವ ಸೂಕ್ಷ್ಮ ಕಣಗಳನ್ನು ಸೋಸಿ ತಿನ್ನುತ್ತವೆ. ನೀರು ಬತ್ತುವ ಮೊದಲೇ ಅವು ಕಪ್ಪೆಯಾಗಿ ನೆಲಕ್ಕೆ ಬರಬೇಕು. ಆದುದರಿಂದ ಈ ಕೆಳಗಿನ ಅಂಶಗಳನ್ನು ಗಮನದಲ್ಲಿಡುವುದು ಒಳ್ಳೆಯದು.

1. ಸಿಂಪರಣೆ ಯಂತ್ರವನ್ನು ಹೊಂಡ, ತೋಡು, ಪಾದೆಯ ನೀರಿನಲ್ಲಿ ತೊಳೆಯಬಾರದು. ಕಪ್ಪೆಯ ಚರ್ಮ ತೆಳುವಾದುದರಿಂದ ವಿಷ ನೇರವಾಗಿ ಒಳಸೇರುತ್ತದೆ.

2. ಜಮೀನಿನ ಅಂಚಿನ ಪಾದೆಯಲ್ಲಿ ಮಳೆನೀರು ನಿಲ್ಲುವ ಒಂದೆರಡು ತಗ್ಗುಗಳನ್ನಾದರೂ ಮುಚ್ಚದೆ ಬಿಡಬೇಕು.

3. ಒಂದು ಊರಿನ ಕಪ್ಪೆ ಅಥವಾ ಗೊದಮೊಟ್ಟೆಗಳನ್ನು ಇನ್ನೊಂದು ಊರಿಗೆ ಒಯ್ದು ಬಿಡಬಾರದು. ಇದರಿಂದ ರೋಗ ಹರಡಬಹುದು, ಮೂಲ ನೆಲೆಯ ದಾಖಲೆಯೂ ಕೆಡುತ್ತದೆ.

4. ಅಪರೂಪವೆನಿಸಿದ ಕಪ್ಪೆ ಕಂಡರೆ ಹಿಡಿಯದೆ, ದೂರದಿಂದಲೇ ಚಿತ್ರ ತೆಗೆದು ಕೂಗನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡು, ದಿನಾಂಕ, ಸ್ಥಳ, ಹೊತ್ತು ಬರೆದಿಟ್ಟು, ಸಮೀಪದ ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗಕ್ಕೆ ತಿಳಿಸಬೇಕು.

ವಿಸ್ತರಣಾ ಕಾರ್ಯಕರ್ತರು ಮಳೆಗಾಲದ ಸಭೆಗಳಲ್ಲಿ ಈ ವಿಷಯವನ್ನು ಪ್ರಸ್ತಾಪಿಸಿದರೆ ಅನುಕೂಲ. ಮಣಿಪಾಲದ ಪಾದೆಯನ್ನೂ ಮಂಗಳೂರಿನ ಕೈಗಾರಿಕಾ ನೆಲವನ್ನೂ ಯಾರಾದರೂ ಮಳೆಯ ರಾತ್ರಿ ನಿಂತು ಕೇಳಿದ್ದರಿಂದಲೇ ಈ ಎರಡು ಕಪ್ಪೆಗಳಿಗೆ ಹೆಸರು ಬಂದಿತು. ಪಾಳು ಎನ್ನುವ ನೆಲವನ್ನು ಅಗೆಯುವ ಮುನ್ನ ಒಂದು ಮಳೆಗಾಲ ಅಲ್ಲಿ ಕಿವಿಗೊಡುವುದು ಲೇಸು.