ಕೊಲಂಬಸ್‌ನಿಂದ ಫ್ರೀಮಾಂಟ್‌ಗೆ: ಶೇ. 38 ಹೆಚ್ಚು ಸಂಬಳದ ಅಸಲಿ ಲೆಕ್ಕ

ಕಳೆದ ವಾರ ಒಹಾಯೊದಿಂದ ಹಳೆಯ ನೆರೆಮನೆಯ ಹುಡುಗನ ಫೋನ್. ಬೇ ಏರಿಯಾದಲ್ಲಿ ಕೆಲಸ ಸಿಕ್ಕಿದೆಯಂತೆ, ಶೇ. 40 ಹೆಚ್ಚು ಸಂಬಳ. "ನೀವೂ ಹೀಗೇ ಹೋದವರಲ್ವಾ, ಒಪ್ಪಿಕೊಳ್ಳಲಾ?" ಅಂದ. ಒಂದೇ ಮಾತಿನಲ್ಲಿ ಉತ್ತರ ಹೇಳಲಾಗಲಿಲ್ಲ. ಅದಕ್ಕೇ ಈ ಲೇಖನ.

ನಾವು ಕೊಲಂಬಸ್ ಬಿಟ್ಟದ್ದು ಜೂನ್ 2023ರಲ್ಲಿ. ನನ್ನ ಸಂಬಳ 1 ಲಕ್ಷ 30 ಸಾವಿರ ಡಾಲರ್‌ನಿಂದ 1 ಲಕ್ಷ 80 ಸಾವಿರಕ್ಕೆ ಏರಿತು. ಬೇರೆಯವರ ಬ್ಯಾಲೆನ್ಸ್ ಶೀಟ್ ಓದುವುದೇ ನನ್ನ ಉದ್ಯೋಗ, ಹಾಗಾಗಿ ದೊಡ್ಡದೊಂದು ಎಕ್ಸೆಲ್ ಮಾಡಿದ್ದೆ. ಅದರಲ್ಲಿ ಸಣ್ಣ ಸಣ್ಣ ವಿಷಯಗಳೆಲ್ಲ ಸರಿಯಾಗಿದ್ದವು, ದೊಡ್ಡದೇ ತಪ್ಪಿತ್ತು.

ಕ್ಯಾಲಿಫೋರ್ನಿಯಾ ಅಂದಕೂಡಲೇ ಎಲ್ಲರೂ ಹೆದರುವುದು ತೆರಿಗೆಗೆ. ನಮ್ಮಂಥ ಮಧ್ಯಮ ಸಂಬಳದವರಿಗೆ ಅದು ಅಷ್ಟು ದೊಡ್ಡ ಭೂತವಲ್ಲ. ಗಂಡ ಹೆಂಡತಿ ಜಂಟಿಯಾಗಿ ಫೈಲ್ ಮಾಡಿದರೆ ಶೇ. 9.3ರ ದರ ಶುರುವಾಗುವುದೇ ತೆರಿಗೆಗೊಳಪಡುವ ಆದಾಯ 1 ಲಕ್ಷ 40 ಸಾವಿರದ ಆಸುಪಾಸು ಮುಟ್ಟಿದ ಮೇಲೆ. ಆ ಕಡೆ ಕೊಲಂಬಸ್ ನಗರ ತನ್ನದೇ ಶೇ. 2.5ನ್ನು ಮೊದಲ ಡಾಲರ್‌ನಿಂದಲೇ ಕಿತ್ತುಕೊಳ್ಳುತ್ತದೆ, ಒಹಾಯೊ ರಾಜ್ಯದ ತೆರಿಗೆ ಬೇರೆ. ಒಂಟಿಯಾಗಿರುವವರ ಲೆಕ್ಕ ಬೇರೆ. ಅವರಿಗೆ 9.3 ಬಹಳ ಬೇಗ ತಗಲುತ್ತದೆ. ಇನ್ನು ಕೆಲವು ಸಣ್ಣ ಕಚ್ಚುವಿಕೆಗಳಿವೆ: ಎಚ್‌ಎಸ್‌ಎ ಖಾತೆಗೆ ಹಾಕುವ ಹಣಕ್ಕೆ ಕ್ಯಾಲಿಫೋರ್ನಿಯಾ ರಿಯಾಯಿತಿ ಕೊಡುವುದಿಲ್ಲ, ಮಗುವಿನ 529 ಖಾತೆಗೂ ಇಲ್ಲ (ಒಹಾಯೊದಲ್ಲಿ ಪ್ರತಿ ಮಗುವಿಗೆ 4,000 ಡಾಲರ್‌ವರೆಗೆ ಇತ್ತು).

ಸ್ಥಳಾಂತರಕ್ಕೆಂದು ಕಂಪನಿ 10,000 ಡಾಲರ್ ಕೊಟ್ಟಿತು. ಅದೂ ಸಂಬಳವೇ! ಫೆಡರಲ್ ಶೇ. 22, ರಾಜ್ಯದ್ದು, ಸೋಶಿಯಲ್ ಸೆಕ್ಯುರಿಟಿ ಎಲ್ಲ ಕಡಿದು ಕೈಗೆ ಬಂದದ್ದು 6,300ರ ಸುತ್ತ. ಟ್ರಕ್‌ನ ಖರ್ಚನ್ನು ಫೆಡರಲ್ ತೆರಿಗೆಯಲ್ಲಿ ಕಳೆಯುವ ಸೌಲಭ್ಯ 2018ರಿಂದ ಸೇನೆಯವರಿಗೆ ಬಿಟ್ಟು ಸಾಮಾನ್ಯ ನೌಕರರಿಗೆ ಇಲ್ಲ. ಆಫರ್ ಒಪ್ಪುವ ಮುಂಚೆಯೇ ತೆರಿಗೆಯನ್ನು ಕಂಪನಿಯೇ ಭರಿಸುವಂತೆ "ಗ್ರಾಸ್ ಅಪ್" ಕೇಳಿ. ನಾನು ಕೇಳಲಿಲ್ಲ, ಸಂಕೋಚ.

ಮನೆಯ ವಿಷಯಕ್ಕೆ ಬರೋಣ. 2020ರಲ್ಲಿ ನಾವು 2 ಲಕ್ಷ 40 ಸಾವಿರದ ಸಾಲವನ್ನು ಶೇ. 2.875ಕ್ಕೆ ರೀಫೈನಾನ್ಸ್ ಮಾಡಿದ್ದೆವು. ಅಸಲು ಬಡ್ಡಿ ಸೇರಿ ತಿಂಗಳ ಕಂತು 996 ಡಾಲರ್. ಅದೇ ಮೊತ್ತದ ಹೊಸ ಸಾಲ ಶೇ. 6.75ಕ್ಕೆ ತೆಗೆದರೆ ಕಂತು 1,557. ಅಂದರೆ ಮನೆ ದೊಡ್ಡದಾಗದೆ, ಸಾಲ ಒಂದು ಡಾಲರ್ ಹೆಚ್ಚದೆ, ತಿಂಗಳಿಗೆ 561 ಡಾಲರ್ ಹೆಚ್ಚು. ಇಂಥ ಸಾಲವನ್ನು ಹೊಸ ಮನೆಗೆ ಹೊತ್ತೊಯ್ಯಲೂ ಆಗುವುದಿಲ್ಲ. ಹಳೆಯ ಅಗ್ಗದ ಸಾಲವೂ ಒಂದು ಆಸ್ತಿ ಅನ್ನುವುದು ನನಗೆ ಅರ್ಥವಾದದ್ದು ಆಗ. ಫ್ರೀಮಾಂಟ್‌ನಲ್ಲಿ ಎರಡು ಬೆಡ್‌ರೂಮಿನ ಬಾಡಿಗೆ ತಿಂಗಳಿಗೆ 3,300. ಕೊಲಂಬಸ್ ಮನೆಯನ್ನು ಮಾರದೆ ಬಾಡಿಗೆಗೆ ಕೊಟ್ಟೆವು.

ಆದರೆ ನಿಜವಾದ ಪೆಟ್ಟು ಬಿದ್ದದ್ದು ಬೇರೆ ಕಡೆ. ನನ್ನ ಹೆಂಡತಿ ಫಾರ್ಮಸಿಸ್ಟ್. ವಾರಕ್ಕೆ ಮೂರು ದಿನ ಕೆಲಸ, ವರ್ಷಕ್ಕೆ 68 ಸಾವಿರ. ಎಕ್ಸೆಲ್‌ನಲ್ಲಿ ಅವಳಿಗೆ ಹೊಸ ಕೆಲಸ ಸಿಗಲು ಮೂರು ತಿಂಗಳು ಅಂತ ಬರೆದಿದ್ದೆ. ಅವಳನ್ನು ಕೇಳದೆ! ಒಹಾಯೊ ಲೈಸೆನ್ಸ್ ಕ್ಯಾಲಿಫೋರ್ನಿಯಾದಲ್ಲಿ ನಡೆಯುವುದಿಲ್ಲ, ಇಲ್ಲಿಯದೇ ರಾಜ್ಯದ ಪರೀಕ್ಷೆ ಬರೆಯಬೇಕು. ಅರ್ಜಿ, ಓದು, ಪರೀಕ್ಷೆ, ಕೆಲಸದ ಹುಡುಕಾಟ, ಜೊತೆಗೆ ಎರಡು ವರ್ಷದ ಮಗು. ಆದದ್ದು ಹನ್ನೊಂದು ತಿಂಗಳು. ನನ್ನ ಸಂಬಳ ಏರಿದ್ದು 50 ಸಾವಿರ, ಮನೆಗೆ ಬರಬೇಕಿದ್ದ ಅವಳ ಆದಾಯ ಹೋದದ್ದು 62 ಸಾವಿರ. ಆ ವರ್ಷ "ಬಡ್ತಿ ಸಿಕ್ಕಿತಂತೆ" ಎಂದು ಊರಿಂದ ಅಭಿನಂದನೆಯ ಫೋನ್‌ಗಳು ಬರುತ್ತಿದ್ದಾಗ ನಾವು ಉಳಿತಾಯ ಕರಗಿಸಿ ಬಾಡಿಗೆ ಕಟ್ಟುತ್ತಿದ್ದೆವು.

ಹಾಸನದಿಂದ ಬೆಂಗಳೂರಿಗೆ ಮೊದಲ ಕೆಲಸಕ್ಕೆ ಹೊರಟಾಗ ಅಪ್ಪ ಸಂಬಳ ಎಷ್ಟು ಅಂತ ಕೇಳಿರಲಿಲ್ಲ, ತಿಂಗಳ ಕೊನೆಗೆ ಎಷ್ಟು ಉಳಿಯುತ್ತೆ ಅಂತ ಕೇಳಿದ್ದರು. ಎಂಬಿಎ ಮಾಡಿದ ಮಗ ಇಪ್ಪತ್ತು ವರ್ಷದ ನಂತರ ಅದನ್ನೇ ಮರೆತಿದ್ದ.

ಈಗ ಪರಿಸ್ಥಿತಿ ಸುಧಾರಿಸಿದೆ. ಹೆಂಡತಿ ಇಲ್ಲಿ ಪೂರ್ಣಾವಧಿ ಕೆಲಸದಲ್ಲಿದ್ದಾಳೆ, ಮೂರನೇ ವರ್ಷದ ಉಳಿತಾಯ ಕೊಲಂಬಸ್‌ನದನ್ನು ದಾಟಿದೆ. ಹಾಗಾಗಿ ಆ ಹುಡುಗನಿಗೆ ಹೋಗಬೇಡ ಅನ್ನಲಿಲ್ಲ. ಅವನ ಹೆಂಡತಿ ಸರ್ಕಾರಿ ಶಾಲೆಯ ಟೀಚರ್. ಅವಳ ಲೈಸೆನ್ಸ್ ಮತ್ತು ಪೆನ್ಷನ್ ಏನಾಗುತ್ತದೆ ಅಂತ ಮೊದಲು ವಿಚಾರಿಸು, ಬಾಡಿಗೆಯ ಲೆಕ್ಕ ಆಮೇಲೆ ಅಂದೆ. ಎರಡನೆಯವರ ಆದಾಯವನ್ನು ಮೊದಲ ಹನ್ನೆರಡು ತಿಂಗಳು ಸೊನ್ನೆ ಎಂದು ಹಾಕಿಕೊಂಡು, ಅಷ್ಟು ನಗದು ಕೈಯಲ್ಲಿದೆಯೇ ಅಂತಲೂ ನೋಡಲು ಹೇಳಿದೆ.

ನಮ್ಮದೂ ಒಂದು ಲೆಕ್ಕ ಬಾಕಿ ಇದೆ. ಮಾರುವ ದಿನಕ್ಕೆ ಹಿಂದಿನ ಐದು ವರ್ಷಗಳಲ್ಲಿ ಎರಡು ವರ್ಷ ನಾವೇ ವಾಸವಿದ್ದರೆ, ಮನೆಯ ಲಾಭದಲ್ಲಿ ದಂಪತಿಗೆ 5 ಲಕ್ಷ ಡಾಲರ್‌ವರೆಗೆ ಫೆಡರಲ್ ತೆರಿಗೆ ಇಲ್ಲ. ಬಾಡಿಗೆಗೆ ಕೊಟ್ಟ ಅವಧಿಯ ಡಿಪ್ರಿಸಿಯೇಶನ್‌ಗೆ ಮಾತ್ರ ಕಟ್ಟಬೇಕು. ನಾವು ಮನೆ ಬಿಟ್ಟು ಈ ಜೂನ್‌ಗೆ ಮೂರು ವರ್ಷ, ಅಷ್ಟರೊಳಗೆ ಮಾರದಿದ್ದರೆ ಈ ರಿಯಾಯಿತಿ ತಪ್ಪುತ್ತದೆ. ಮಾರಿದರೆ 2.875ರ ಸಾಲ ಹೋಗುತ್ತದೆ, ಹಿಂದಿರುಗುವ ದಾರಿಯೂ. ನನ್ನ ಎಕ್ಸೆಲ್ ಮಾರು ಅನ್ನುತ್ತಿದೆ. ಹೆಂಡತಿಗೆ ಇನ್ನೂ ಮನಸ್ಸಿಲ್ಲ, ಮತ್ತು ಈ ಸಲ ಅವಳನ್ನು ಕೇಳದೆ ಯಾವ ಅಂಕಿಯನ್ನೂ ತುಂಬುತ್ತಿಲ್ಲ. ಏನಾಯಿತೆಂದು ಮುಂದೆ ಬರೆಯುತ್ತೇನೆ.