ಕೂವೆ, ಹಾಯಿ, ಚುಕ್ಕಾಣಿ

ಸಂಘದ ಆಡಳಿತ ಮಂಡಳಿ ಬದಲಾದಾಗಲೆಲ್ಲ ‘ಹೊಸಬರು ಚುಕ್ಕಾಣಿ ಹಿಡಿದರು’ ಎಂದು ಬರೆಯುವುದು ನಮ್ಮಲ್ಲಿ ರೂಢಿ. ಒಂದು ಸಂಜೆ ಮೆರೀನಾ ತೀರದಲ್ಲಿ ಮಗಳು, “ಅಪ್ಪಾ, ಚುಕ್ಕಾಣಿ ಎಂದರೆ ಹಡಗಿನ ಯಾವ ಭಾಗ?” ಎಂದು ಕೇಳಿದಾಗ ತಡವರಿಸಿದೆ. ಬ್ಯಾಂಕಿನ ಲೆಕ್ಕಪುಸ್ತಕಗಳಲ್ಲಿ ಮುಳುಗಿದವನಿಗೆ ಹಡಗಿನ ಅಂಗಾಂಗಗಳ ಪರಿಚಯವೆಲ್ಲಿಂದ ಬರಬೇಕು? ಮನೆಗೆ ಬಂದು ನಿಘಂಟು ತೆರೆದೆ.

ಹಡಗಿನ ಹಿಂಬದಿಯಲ್ಲಿ ನೀರಿನೊಳಗಿದ್ದು ದಿಕ್ಕು ತಿರುಗಿಸುವ ಹಲಗೆಯೇ ಚುಕ್ಕಾಣಿ. ತಮಿಳಿನಲ್ಲಿ ಅದು ‘ಸುಕ್ಕಾನ್’, ಮೂಲ ಅರಬ್ಬಿ. ಲಂಗರು ಪಾರಸಿಯಿಂದ ಬಂದುದು. ಆದರೆ ಗಾಳಿಯನ್ನು ಹಿಡಿಯುವ ಅಂಗಗಳ ಹೆಸರುಗಳು ಅಚ್ಚ ದ್ರಾವಿಡ. ಹಾಯಿ ಕಟ್ಟುವ ಕಂಬವೇ ಕೂವೆ ಅಥವಾ ಕೂವೆಮರ. ಹಳೆಯ ತಮಿಳಿನಲ್ಲಿ ‘ಕೂಂಬು’. ಪಕಾರ ಹಕಾರವಾಗುವ ನಮ್ಮ ಪರಿಚಿತ ನಿಯಮದಂತೆ ತಮಿಳರ ‘ಪಾಯ್’ ನಮ್ಮಲ್ಲಿ ಹಾಯಿಯಾಗಿದೆ. ನೆರೆಮನೆಯವರು ಮಲಗಲು ಹಾಸುವ ಚಾಪೆಗೂ ‘ಪಾಯ್’ ಎಂದೇ ಹೆಸರು. ಹಿಂದೆ ಚಾಪೆಯಂತೆ ಹೆಣೆದ ಹಾಯಿಗಳೂ ಇದ್ದವೆಂಬುದನ್ನು ನೆನೆದರೆ ಇದು ವಿಚಿತ್ರವೆನಿಸದು.

ಇವನ್ನೆಲ್ಲ ಕಣ್ಣಾರೆ ಕಾಣಬಹುದಾದ ಹಡಗೊಂದು ಈಗ ಇದೆ. ಅಜಂತಾದ ಭಿತ್ತಿಚಿತ್ರವನ್ನು ಆಧರಿಸಿ ನಿರ್ಮಿಸಿದ ‘ಕೌಂಡಿನ್ಯ’ 2025ರ ಮೇ ತಿಂಗಳಲ್ಲಿ ನಮ್ಮ ಕಾರವಾರದಲ್ಲಿಯೇ ನೌಕಾಪಡೆಯನ್ನು ಸೇರಿತು. ಅದರ ಹಲಗೆಗಳನ್ನು ಮೊಳೆ ಹೊಡೆದು ಜೋಡಿಸಿಲ್ಲ; ತೆಂಗಿನ ನಾರಿನ ಹಗ್ಗದಿಂದ ಹೊಲಿದು, ಸಂದುಗಳನ್ನು ರಾಳದಿಂದ ಮುಚ್ಚಲಾಗಿದೆ. ಕೆಲಸ ನಡೆಸಿದವರು ಕೇರಳದ ಬಾಬು ಶಂಕರನ್ ಅವರ ನೇತೃತ್ವದ ಕುಶಲಕರ್ಮಿಗಳು. ಚಿತ್ರವಿದ್ದರೂ ನಕ್ಷೆಯಿರಲಿಲ್ಲವಾದ್ದರಿಂದ ನೀರಿನಲ್ಲಿ ಅದರ ವರ್ತನೆಯನ್ನು ಮಾದರಿಯ ಮೂಲಕ ಪರೀಕ್ಷಿಸಬೇಕಾಯಿತು. ಆ ಪರೀಕ್ಷೆಯಲ್ಲಿ ಕೈಜೋಡಿಸಿದುದು ನಮ್ಮ ಅಡಯಾರಿನ ಪಕ್ಕದ ಐಐಟಿ ಮದ್ರಾಸಿನ ಸಾಗರ ಎಂಜಿನಿಯರಿಂಗ್ ವಿಭಾಗ. ಹಾಯಿಯ ಮೇಲೆ ಗಂಡಭೇರುಂಡ, ಮೂತಿಯಲ್ಲಿ ಸಿಂಹಯಾಳಿ. ನಮ್ಮ ರಾಜ್ಯಲಾಂಛನದ ಹಕ್ಕಿಯೂ ತಮಿಳು ದೇಗುಲಗಳ ಕಂಬದ ಮೃಗವೂ ಒಂದೇ ಹಡಗನ್ನೇರಿವೆ!

ಮಗಳ ಪ್ರಶ್ನೆಗೆ ತೊಡಕಾದುದು ಇಲ್ಲಿಯೇ. ಕೌಂಡಿನ್ಯದಲ್ಲಿ ನಾವು ತಿಳಿದಂಥ ಚುಕ್ಕಾಣಿ ಇಲ್ಲ. ಹಿಂಬದಿಯಲ್ಲಿ ಇಳಿಬಿಟ್ಟ ದೊಡ್ಡ ಹುಟ್ಟುಗಳೇ ಅದನ್ನು ತಿರುಗಿಸುತ್ತವೆ. 2025ರ ಡಿಸೆಂಬರ್ 29ರಂದು ಪೋರಬಂದರಿನಿಂದ ಹೊರಟು ಮಸ್ಕತ್ ತಲುಪಿದ್ದು ಹೀಗೆ ಹುಟ್ಟಿನ ಬಲದಿಂದಲೇ ದಿಕ್ಕು ಹಿಡಿದು.

ಹೊಲಿದ ದೋಣಿ ಚೆನ್ನೈಗೆ ಹೊಸದಲ್ಲ. ಬಂದರು ಕಟ್ಟುವ ಮೊದಲು ಮದರಾಸಿಗೆ ಬಂದ ಹಡಗುಗಳು ದೂರದಲ್ಲಿಯೇ ಲಂಗರು ಹಾಕುತ್ತಿದ್ದವು. ಜನರನ್ನೂ ಸರಕನ್ನೂ ತೀರಕ್ಕೆ ತರುತ್ತಿದ್ದವು ‘ಮಸೂಲಾ’ ದೋಣಿಗಳು. ಅಬ್ಬರದ ಅಲೆ ಬಡಿದಾಗ ಮೊಳೆ ಹೊಡೆದ ದೋಣಿ ಬಿರಿಯಬಹುದು. ನಾರಿನಿಂದ ಹೊಲಿದುದು ತುಸು ಬಾಗಿ, ಪೆಟ್ಟನ್ನು ತಾಳಿಕೊಂಡು ಮರಳಿಗೇರುತ್ತಿತ್ತು.