ಹಾಲು ಸಾಲದೆಂಬ ಅಳಲು

ಹೆರಿಗೆಯಾಗಿ ಮೂರು ನಾಲ್ಕು ದಿನ ಕಳೆಯುವ ಹೊತ್ತಿಗೆ ಬಾಣಂತಿಯ ಕೋಣೆಯಿಂದ ಹೊರಡುವ ಮಾತು ಸಾಮಾನ್ಯವಾಗಿ ಒಂದೇ: "ನನಗೆ ಹಾಲು ಸಾಲದು." ಕೂಸು ಅತ್ತರೆ ಹಾಲು ಸಾಲದು; ರಾತ್ರಿ ನಿದ್ದೆ ಮಾಡದಿದ್ದರೆ ಹಾಲು ಸಾಲದು; ಗಂಟೆಗೊಮ್ಮೆ ಎದೆಗೆ ಬಾಯಿ ಹಾಕಿದರೂ ಹಾಲು ಸಾಲದು. ನೋಡಲು ಬಂದ ನೆಂಟರು ಹೌದೆಂದು ತಲೆದೂಗುತ್ತಾರೆ. ಸಂಜೆಯೊಳಗಾಗಿ ಮನೆಯವರು ಯಾರಾದರೂ ಔಷಧದ ಅಂಗಡಿಗೆ ಹೋಗಿ ಹಾಲಿನ ಪುಡಿಯ ಡಬ್ಬಿ ತಂದಿರುತ್ತಾರೆ. ಇಷ್ಟೆಲ್ಲ ನಡೆದರೂ, ಹಾಲು ನಿಜವಾಗಿ ಸಾಲದೆ, ಸಾಲದಿದ್ದರೆ ಅದಕ್ಕೆ ಕಾರಣವೇನು ಎಂದು ವಿಚಾರಿಸಿದವರು ಮಾತ್ರ ಯಾರೂ ಇರುವುದಿಲ್ಲ. ಆ ವಿಚಾರವನ್ನೇ ಇಲ್ಲಿ ಸ್ವಲ್ಪ ಬಿಡಿಸಿ ನೋಡೋಣ.

ತಾಯಿಯ ಎದೆ ತುಂಬಿಟ್ಟ ಕೊಡದಂತೆ ಎಂದು ಬಹು ಮಂದಿ ತಿಳಿದಿದ್ದಾರೆ. ಕುಡಿದಂತೆಲ್ಲ ಅದು ಬರಿದಾಗುತ್ತದೆ, ಆದುದರಿಂದ ಸ್ವಲ್ಪ ಬಿಟ್ಟು ಬಿಟ್ಟು ಕುಡಿಸಿದರೆ ಕೂಡಿಟ್ಟುಕೊಳ್ಳಬಹುದು ಎಂಬುದು ಅವರ ಲೆಕ್ಕ. ವಾಸ್ತವವಾಗಿ ಅದು ಕೊಡವಲ್ಲ, ಒರತೆ. ಬೇಸಿಗೆಯಲ್ಲಿ ಹೊಳೆಯ ಮರಳಿನಲ್ಲಿ ತೋಡಿದ ಒರತೆಯಿಂದ ನೀರು ಮೊಗೆದಂತೆ ಮತ್ತೆ ನೀರು ಬರುತ್ತದಷ್ಟೆ. ಎದೆಹಾಲಿನ ನಿಯಮವೂ ಅದೇ. ಕೂಸು ಚೀಪಿದಾಗ ತಾಯಿಯ ಮೆದುಳಿಗೆ ಸುದ್ದಿ ಮುಟ್ಟಿ ಎರಡು ರಸಗಳು ರಕ್ತಕ್ಕೆ ಇಳಿಯುತ್ತವೆ. ಪ್ರೊಲ್ಯಾಕ್ಟಿನ್ ಎಂಬುದು ಹಾಲನ್ನು ತಯಾರಿಸುತ್ತದೆ. ಆಕ್ಸಿಟೋಸಿನ್ ಎಂಬುದು ತಯಾರಾದ ಹಾಲನ್ನು ತೊಟ್ಟಿನ ಕಡೆಗೆ ತಳ್ಳುತ್ತದೆ. ಮೊದಲನೆಯದು ರಾತ್ರಿಯ ವೇಳೆ ಹೆಚ್ಚಾಗಿರುತ್ತದೆ. ಆದುದರಿಂದಲೇ ರಾತ್ರಿ ಹಾಲೂಡುವುದನ್ನು ಬಿಡಬಾರದು. ಎರಡನೆಯದು ಮನಸ್ಸಿಗೆ ಬಹಳ ಹತ್ತಿರದ್ದು. ಕೂಸಿನ ಮುಖ ಕಂಡರೆ, ಅದರ ದನಿ ಕೇಳಿದರೆ ಹರಿಯುತ್ತದೆ. ನೋವು, ಅಂಜಿಕೆ, ಯಾರಾದರೂ ಆಡಿದ ಚುಚ್ಚು ಮಾತು ಇವುಗಳಿಂದ ತಡೆಯುತ್ತದೆ. ಇನ್ನೊಂದು ಮುಖ್ಯ ಸಂಗತಿಯುಂಟು. ಹಾಲು ಹೊರಹೋಗದೆ ಎದೆ ತುಂಬಿಯೇ ಉಳಿದರೆ, ಇನ್ನು ಸಾಕು ಎಂದು ದೇಹವೇ ತಯಾರಿಕೆಯನ್ನು ಇಳಿಸಿಬಿಡುತ್ತದೆ.

ಈಗ ಮೊದಲ ದಿನಗಳ ಮಾತು. ಹೆರಿಗೆಯಾದ ಕೂಡಲೆ ಬರುವ ಹಾಲು ಗಟ್ಟಿಯಾಗಿ, ಹಳದಿ ಛಾಯೆಯಾಗಿ, ಅತಿ ಸ್ವಲ್ಪವಾಗಿ ಇರುತ್ತದೆ. ಇದನ್ನು ಕೆಟ್ಟ ಹಾಲೆಂದು ಹಿಂಡಿ ಚೆಲ್ಲುವ ಪದ್ಧತಿ ನಮ್ಮ ಅನೇಕ ಮನೆಗಳಲ್ಲಿತ್ತು. ಅದರ ಬದಲು ಜೇನುತುಪ್ಪ, ಸಕ್ಕರೆ ನೀರು ನೆಕ್ಕಿಸುತ್ತಿದ್ದರು. ರೋಗ ತಡೆಯುವ ಶಕ್ತಿ ಹೆಚ್ಚಾಗಿರುವುದು ಈ ಮೊದಲ ಹಾಲಿನಲ್ಲೇ. ಜೇನುತುಪ್ಪವಂತೂ ಒಂದು ವರ್ಷ ತುಂಬುವವರೆಗೆ ಮಗುವಿಗೆ ಸಲ್ಲದು. ಮೊದಲ ದಿನ ಕೂಸಿನ ಹೊಟ್ಟೆ ಹಿಡಿಸುವುದೂ ಅತಿ ಸ್ವಲ್ಪ; ಒಂದು ಸಲಕ್ಕೆ ಒಂದೆರಡು ಚಮಚ ಸಿಕ್ಕರೆ ಅದಕ್ಕೆ ಸಾಕು. ಹುಟ್ಟಿದ 1 ಗಂಟೆಯೊಳಗೆ ಎದೆಗೆ ಹಚ್ಚಬೇಕು, 6 ತಿಂಗಳು ತುಂಬುವವರೆಗೆ ಎದೆಹಾಲನ್ನಲ್ಲದೆ ನೀರನ್ನೂ ಕೊಡಬೇಕಾಗಿಲ್ಲ, ಆಮೇಲೆ ಬೇರೆ ಆಹಾರದೊಡನೆ 2 ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಹಾಲೂಡಬಹುದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಶಸ್ತ್ರಕ್ರಿಯೆಯಿಂದ ಹೆರಿಗೆಯಾದವರೂ ಎಚ್ಚರವಿದ್ದರೆ, ದಾದಿಯರ ನೆರವಿನಿಂದ ಬೇಗನೆ ಹಾಲೂಡಬಹುದು.

ಎದೆ ತುಂಬಿ ಬರುವುದು ಸಾಮಾನ್ಯವಾಗಿ ಎರಡರಿಂದ ನಾಲ್ಕು ದಿನಗಳೊಳಗೆ. ಚೊಚ್ಚಲ ಹೆರಿಗೆಯವರಿಗೂ, ಶಸ್ತ್ರಕ್ರಿಯೆಯಾದವರಿಗೂ ಒಂದು ದಿನ ಹೆಚ್ಚು ಹಿಡಿಯುವುದುಂಟು. ಈ ನಡುವೆ ಕೂಸಿನ ತೂಕ ಸ್ವಲ್ಪ ಇಳಿಯುವುದು ಸಹಜ. ಶೇಕಡ 7ರವರೆಗಿನ ಇಳಿತಕ್ಕೆ ಗಾಬರಿಯಾಗಬೇಕಾಗಿಲ್ಲ; ಶೇಕಡ 10ರ ಹತ್ತಿರ ಬಂದರೆ ವೈದ್ಯರು ನೋಡಲೇಬೇಕು. ಎರಡು ವಾರ ತುಂಬುವಷ್ಟರಲ್ಲಿ ಹುಟ್ಟಿದಾಗಿನ ತೂಕ ಮರಳಿ ಬರಬೇಕು.

ಹಾಗಾದರೆ ಹಾಲು ಸಾಕಾಗುತ್ತಿದೆಯೆಂದು ತಿಳಿಯುವುದು ಹೇಗೆ? ಅಳುವಿನಿಂದಲ್ಲ. ಕೂಸು ಸೆಕೆಗೆ ಅಳುತ್ತದೆ, ಒದ್ದೆಗೆ ಅಳುತ್ತದೆ, ಎತ್ತಿಕೊಳ್ಳಲೆಂದೂ ಅಳುತ್ತದೆ. ಸಂಜೆಯ ಹೊತ್ತು ಬಿಟ್ಟು ಬಿಟ್ಟು ಪದೇ ಪದೇ ಎದೆ ಹುಡುಕುವುದು ಆರೋಗ್ಯವಾದ ಕೂಸಿನ ರೂಢಿಯೇ. ನಂಬಬೇಕಾದ ಗುರುತುಗಳು ಬೇರೆ. ಐದಾರು ದಿನ ಕಳೆದ ಮೇಲೆ ಹಗಲು ರಾತ್ರಿ ಸೇರಿ ಕನಿಷ್ಠ 6 ಸಲ ಮೂತ್ರ ಮಾಡಬೇಕು, ಅದರ ಬಣ್ಣ ತಿಳಿಯಾಗಿರಬೇಕು. ಕುಡಿಯುವಾಗ ನುಂಗುವ ಸದ್ದು ಕೇಳಬೇಕು. ವಾರ ವಾರಕ್ಕೆ ತೂಕ ಏರಬೇಕು. ಇಷ್ಟಿದ್ದರೆ, ದಿನಕ್ಕೆ 8ರಿಂದ 12 ಸಲ ಕೂಸು ಎದೆ ಕೇಳಿದರೂ, ಹಾಲು ಸಾಕಾಗುತ್ತಿದೆಯೆಂದೇ ಅರ್ಥ.

ಈ ಲೆಕ್ಕ ತಿಳಿಯದೆ ತಂದ ಡಬ್ಬಿ ಮಾಡುವ ಕೆಲಸವನ್ನು ನೋಡಿ. ಒಂದು ಸೀಸೆ ಪುಡಿಹಾಲು ಕುಡಿದ ಕೂಸು ಮೂರು ನಾಲ್ಕು ಗಂಟೆ ನಿದ್ದೆ ಹೋಗುತ್ತದೆ. ಮನೆಯವರು, "ನೋಡಿದೆಯಾ, ಹಸಿವೇ ಇತ್ತು" ಎನ್ನುತ್ತಾರೆ. ಆ ಮೂರು ನಾಲ್ಕು ಗಂಟೆ ತಾಯಿಯ ಎದೆಯಿಂದ ಹಾಲು ಹೊರಗೆ ಹೋಗುವುದಿಲ್ಲ. ದೇಹ ತಯಾರಿಕೆಯನ್ನು ಇಳಿಸುತ್ತದೆ. ಮರುದಿನ ಎರಡು ಸೀಸೆ ಬೇಕಾಗುತ್ತದೆ. ಹದಿನೈದು ದಿನಗಳಲ್ಲಿ, ಮೊದಲು ಸುಳ್ಳಾಗಿದ್ದ "ಹಾಲು ಸಾಲದು" ಎಂಬ ಮಾತು ನಿಜವಾಗಿಯೇ ಕೂರುತ್ತದೆ. ತಾಯಿ ತನ್ನ ದೇಹವನ್ನೇ ದೂರಿಕೊಳ್ಳುತ್ತಾಳೆ. ದೋಷ ದೇಹದ್ದಲ್ಲ, ಅದು ಕೇಳಿದಷ್ಟು ಕೊಟ್ಟಿತು, ಕೇಳುವುದು ಕಡಿಮೆಯಾಯಿತು.

ಕೇಳುವುದು ಕಡಿಮೆಯಾಗಲು ನೋವೂ ಒಂದು ಕಾರಣ. "ಪ್ರತಿ ಸಲ ಕೂಸನ್ನು ಎತ್ತಿಕೊಳ್ಳುವಾಗ ಹಲ್ಲು ಕಚ್ಚಿಕೊಳ್ಳುತ್ತಿದ್ದೆ" ಎಂದು ಹೇಳುವ ತಾಯಂದಿರು ವಿರಳರಲ್ಲ. ತೊಟ್ಟು ಬಿರಿಯುವುದು ಬಹುತೇಕ ಕೂಸು ಬರಿಯ ತೊಟ್ಟನ್ನು ಚೀಪುವುದರಿಂದ. ಕೂಸಿನ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗುವಂತೆ ತಿರುಗಿಸಿ ಹಿಡಿದು, ಬಾಯಿ ಅಗಲವಾಗಿ ತೆರೆದಾಗ ಎದೆಗೆ ಹಚ್ಚಬೇಕು. ತೊಟ್ಟಿನ ಸುತ್ತಲಿನ ಕಪ್ಪು ಭಾಗವೂ ಬಹುಮಟ್ಟಿಗೆ ಬಾಯೊಳಗೆ ಹೋಗಬೇಕು; ಗಲ್ಲ ಎದೆಗೆ ಒತ್ತಿರಬೇಕು. ಸರಿಯಾಗಿ ಹಿಡಿದರೆ ಮೊದಲ ಕ್ಷಣದ ಸೆಳೆತ ಕಳೆದ ಮೇಲೆ ನೋವಿರಬಾರದು. ನೋವು ನಿಲ್ಲದಿದ್ದರೆ ಕಿರುಬೆರಳನ್ನು ಬಾಯಿಯ ಅಂಚಿನಲ್ಲಿ ತೂರಿಸಿ ಬಿಡಿಸಿ, ಮತ್ತೆ ಹಚ್ಚಬೇಕು. ನಾಚಿಕೆ ಬಿಟ್ಟು ದಾದಿಯನ್ನೋ ಅನುಭವಸ್ಥ ಹೆಂಗಸರನ್ನೋ ಹತ್ತಿರ ಕೂರಿಸಿಕೊಂಡು ಕಲಿತುಕೊಳ್ಳಬೇಕಾದ ಕೆಲಸ ಇದು.

ಎದೆ ಕಲ್ಲಿನಂತಾಗಿ ಕೂಸಿಗೆ ಹಿಡಿಯಲೇ ಬಾರದಾದಾಗ, ಅಥವಾ ಕೂಸು ತಾಯಿಯ ಬಳಿ ಇಲ್ಲದಿರುವಾಗ, ಹಾಲನ್ನು ಕೈಯಿಂದ ತೆಗೆಯುವ ವಿದ್ಯೆ ಬೇಕು. ಕೈಗಳನ್ನು ಸೋಪಿನಿಂದ ತೊಳೆದು, ಕುದಿಸಿದ ಪಾತ್ರೆಯೊಂದನ್ನು ಇಟ್ಟುಕೊಳ್ಳಬೇಕು. ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ, ತೊಟ್ಟಿನಿಂದ ಸುಮಾರು 3 ಸೆಂಟಿಮೀಟರ್ ಹಿಂದೆ ಇಟ್ಟು, ಮೊದಲು ಎದೆಗೂಡಿನ ಕಡೆಗೆ ಮೆಲ್ಲಗೆ ಒತ್ತಿ, ಅನಂತರ ಎರಡು ಬೆರಳನ್ನೂ ಒಂದರತ್ತ ಒಂದು ಅಮುಕಿ, ಬಿಡಬೇಕು. ಒತ್ತು, ಅಮುಕು, ಬಿಡು: ಇದೇ ಲಯ. ಹಸುವಿನ ಹಾಲು ಕರೆಯುವಂತೆ ತೊಟ್ಟನ್ನು ಎಳೆಯಬಾರದು, ಚರ್ಮದ ಮೇಲೆ ಬೆರಳು ಜಾರಿಸಲೂಬಾರದು. ಮೊದಲ ಒಂದೆರಡು ನಿಮಿಷ ಏನೂ ಬರದಿದ್ದರೆ ನಿರಾಶರಾಗಬೇಕಾಗಿಲ್ಲ. ಮೊದಲ ದಿನಗಳ ಗಟ್ಟಿ ಹಾಲಿಗೆ ಯಂತ್ರಕ್ಕಿಂತ ಕೈಯೇ ಮೇಲು.

ಯಂತ್ರವೂ ಹೊಸದೇನಲ್ಲ. ಅಮೆರಿಕದಲ್ಲಿ 1854ರಲ್ಲಿಯೇ ಇಂಥ ಪಂಪೊಂದಕ್ಕೆ ಪೇಟೆಂಟು ದೊರೆತಿತ್ತು. 1920ರ ದಶಕದಲ್ಲಿ ವಿದ್ಯುತ್ತಿನಿಂದ ನಡೆಯುವ ಪಂಪನ್ನು ರೂಪಿಸಿದ ಎಡ್ವರ್ಡ್ ಲಾಸ್ಕರ್ ವೃತ್ತಿಯಿಂದ ಎಂಜಿನಿಯರು, ಖ್ಯಾತಿಯಿಂದ ಚದುರಂಗದ ಆಟಗಾರ. ಇಂದು ಕೈಯಿಂದ ಒತ್ತುವ ಪಂಪುಗಳೂ ವಿದ್ಯುತ್ ಪಂಪುಗಳೂ ನಮ್ಮ ಊರುಗಳ ಅಂಗಡಿಗಳಲ್ಲೇ ಸಿಗುತ್ತವೆ. ಕೊಳ್ಳುವವರು ತಿಳಿದಿರಬೇಕಾದುದು ಮೂರು ಸಂಗತಿ. ಎದೆಗೆ ಇಡುವ ಬಟ್ಟಲು ತೊಟ್ಟಿನ ಅಳತೆಗೆ ಹೊಂದಬೇಕು, ಇಲ್ಲವಾದರೆ ಗಾಯವಾಗುತ್ತದೆ. ಎಳೆತವನ್ನು ಜೋರು ಮಾಡಿದರೆ ಹಾಲು ಹೆಚ್ಚು ಬರುವುದಿಲ್ಲ, ನೋವು ಹೆಚ್ಚುತ್ತದೆ. ಮೂರನೆಯದು ಎಲ್ಲಕ್ಕಿಂತ ಮುಖ್ಯವಾದುದು: ಪಂಪಿನ ಸೀಸೆಯಲ್ಲಿ ಕಂಡಷ್ಟೇ ತನ್ನ ಹಾಲು ಎಂದು ತಾಯಿ ಭಾವಿಸಬಾರದು. ಚೆನ್ನಾಗಿ ಹಿಡಿಯುವ ಕೂಸು ಯಂತ್ರಕ್ಕಿಂತ ಸಮರ್ಥವಾಗಿ ಹಾಲು ಎಳೆಯುತ್ತದೆ. ಪಂಪಿನಲ್ಲಿ ತಳ ಮುಚ್ಚುವಷ್ಟೇ ಹಾಲು ಕಂಡು ಕಣ್ಣೀರಿಟ್ಟ ಎಷ್ಟೋ ತಾಯಂದಿರ ಕೂಸುಗಳು ದುಂಡಗೆ ಬೆಳೆಯುತ್ತಿರುತ್ತವೆ.

ಹಾಲು ಬೇಕಾದುದಕ್ಕಿಂತ ಹೆಚ್ಚು ಪಂಪು ಮಾಡುವುದೂ ಸರಿಯಲ್ಲ. ತೆಗೆದಷ್ಟೂ ತಯಾರಿಕೆ ಏರಿ, ಎದೆ ಮತ್ತೆ ಮತ್ತೆ ಬಿಗಿಯುತ್ತದೆ. ಬಿಗಿದ ಎದೆಗೆ ತಣ್ಣನೆಯ ಬಟ್ಟೆ ಹಾಕಿ, ಹಾಯೆನಿಸುವಷ್ಟು ಮಾತ್ರ ಹಾಲು ತೆಗೆದು, ಕೂಸಿಗೆ ಊಡುತ್ತಲೇ ಇರಬೇಕು. ಜೋರಾಗಿ ತಿಕ್ಕುವುದರಿಂದ ಊತ ಹೆಚ್ಚುತ್ತದೆ. ಎದೆ ಕೆಂಪಾಗಿ, ಜ್ವರ ಚಳಿ ಬಂದು ಒಂದು ದಿನದಲ್ಲಿ ಇಳಿಯದಿದ್ದರೆ ವೈದ್ಯರ ಬಳಿಗೆ ಹೋಗಬೇಕು. ಅಂಥ ಸಮಯದಲ್ಲೂ ಸಾಮಾನ್ಯವಾಗಿ ಹಾಲೂಡುವುದನ್ನು ನಿಲ್ಲಿಸಬೇಕಾಗಿಲ್ಲ.

ಹಾಲು ತೆಗೆಯುವ ವಿದ್ಯೆ ಜೀವ ಉಳಿಸುವುದು ತಿಂಗಳು ತುಂಬದೆ ಹುಟ್ಟಿದ ಕೂಸುಗಳ ವಿಷಯದಲ್ಲಿ. ಅಂಥ ಕೂಸು ಗಾಜಿನ ಪೆಟ್ಟಿಗೆಯಲ್ಲಿರುತ್ತದೆ, ಚೀಪುವ ಶಕ್ತಿ ಅದಕ್ಕಿರುವುದಿಲ್ಲ. ತಾಯಿ ಬೇರೆ ವಾರ್ಡಿನಲ್ಲಿ ಬರಿಗೈಯಲ್ಲಿ ಮಲಗಿರುತ್ತಾಳೆ. ತಾನು ಏನೂ ಮಾಡಲಾರೆನೆಂಬ ಸಂಕಟ ಅವಳದು. ಆದರೆ ಅವಳಿಂದ ಮಾತ್ರ ಆಗುವ ಕೆಲಸವೊಂದುಂಟು. ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ಆರಂಭಿಸಿ, ದಿನಕ್ಕೆ 8 ಸಲವಾದರೂ, ರಾತ್ರಿಯೂ ಸೇರಿದಂತೆ, ಹಾಲು ತೆಗೆಯುತ್ತಾ ಬಂದರೆ, ಆ ಹನಿಗಳೇ ಕೂಸಿನ ಕರುಳನ್ನು ಕಾಯುತ್ತವೆ. ವಾರಗಳಾದ ಮೇಲೆ ಕೂಸು ಎದೆಗೆ ಬಂದಾಗ ಹಾಲೂ ಇರುತ್ತದೆ. ತಾಯಿಯ ಹಾಲು ಸಿಗದ ಕೂಸುಗಳಿಗಾಗಿ ಹಾಲಿನ ಬ್ಯಾಂಕುಗಳಿವೆ. ಭಾರತದಲ್ಲಿ ಇಂಥ ಮೊದಲ ಬ್ಯಾಂಕನ್ನು 1989ರಲ್ಲಿ ಮುಂಬಯಿಯ ಸಯನ್ ಆಸ್ಪತ್ರೆಯಲ್ಲಿ ಡಾಕ್ಟರ್ ಅರ್ಮಿಡಾ ಫರ್ನಾಂಡಿಸ್ ಅವರು ಸ್ಥಾಪಿಸಿದರು. ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಯಲ್ಲೂ 2022ರಲ್ಲಿ ಒಂದು ಆರಂಭವಾಯಿತು. ಆರೋಗ್ಯವಂತ ತಾಯಂದಿರು ಕೊಟ್ಟ ಹೆಚ್ಚಿನ ಹಾಲನ್ನು ಪರೀಕ್ಷಿಸಿ, 62.5 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 30 ನಿಮಿಷ ಇಟ್ಟು ಶುದ್ಧಿ ಮಾಡಿ ಕೊಡುತ್ತಾರೆ.

ಇನ್ನು ಕೆಲಸಕ್ಕೆ ಹೋಗುವ ತಾಯಂದಿರು. 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ಬಂದ ತಿದ್ದುಪಡಿ, ಮೊದಲ ಎರಡು ಮಕ್ಕಳ ಹೆರಿಗೆಗೆ ಸಂಬಳಸಹಿತ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು. ಆದರೆ ರಜೆ ದೊರೆಯುವುದು ಸಂಬಳದ ನೌಕರಿಯುಳ್ಳವರಿಗೆ. ಮನೆಗೆಲಸದವರು, ಗಾರೆಕೆಲಸದವರು ಒಂದೆರಡು ತಿಂಗಳಲ್ಲೇ ದುಡಿಮೆಗೆ ಮರಳುವುದುಂಟು. ಕಚೇರಿಗೆ ಹೋದವರಿಗೂ ಹಾಲು ತೆಗೆಯಲು ಚಿಲಕವಿರುವ ಕೋಣೆಯೊಂದು ಸಿಗದೆ, ಸ್ನಾನಗೃಹದಲ್ಲಿ ನಿಂತು ಹಾಲು ಹಿಂಡಿ ಚೆಲ್ಲಿ ಬರುವ ಪಾಡು. ಮೇಲಧಿಕಾರಿಗಳು ಕೊಡಬೇಕಾದುದು ಹೆಚ್ಚೇನಲ್ಲ: ಒಂದು ಕೋಣೆ, ಒಂದು ಕುರ್ಚಿ, ಮೂರು ಗಂಟೆಗೊಮ್ಮೆ ಕಾಲು ಗಂಟೆ ಬಿಡುವು.

ಹೀಗೆ ತೆಗೆದ ಹಾಲನ್ನು 25 ಡಿಗ್ರಿ ಸೆಲ್ಸಿಯಸ್ ಮೀರದ ತಂಪಿನಲ್ಲಿ ಮುಚ್ಚಿಟ್ಟರೆ 4 ಗಂಟೆ ಇರುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಈ ಲೆಕ್ಕ ನಡೆಯದು. ಕೂಡಲೆ ಫ್ರಿಜ್ಜಿಗೆ ಸೇರಿಸಬೇಕು. ಫ್ರಿಜ್ಜಿನ ಒಳಭಾಗದಲ್ಲಿ, ಬಾಗಿಲಿನಲ್ಲಲ್ಲ, 4 ದಿನ ಇಡಬಹುದು. ಕುಡಿಸುವಾಗ ಬಿಸಿನೀರಿನ ಬಟ್ಟಲಲ್ಲಿ ಪಾತ್ರೆಯನ್ನಿಟ್ಟು ಉಗುರುಬೆಚ್ಚಗೆ ಮಾಡಬೇಕೇ ಹೊರತು ಒಲೆಯ ಮೇಲೆ ಕಾಯಿಸಬಾರದು. ಸೀಸೆಗಿಂತ ನಮ್ಮ ಹಳೆಯ ಒಳಲೆಯೇ ಮೇಲು. ತೊಳೆಯುವುದು ಸುಲಭ, ಕೂಸಿಗೆ ರಬ್ಬರಿನ ತೊಟ್ಟಿನ ರೂಢಿಯೂ ಆಗುವುದಿಲ್ಲ. ಕೂಸನ್ನು ಅರ್ಧ ಕೂರಿಸಿಕೊಂಡು, ಅದು ನುಂಗಿದಷ್ಟೇ ಹನಿಸಬೇಕು. ಮಲಗಿಸಿ ಗಂಟಲಿಗೆ ಸುರಿಯುವ ಹಳೆಯ ಪದ್ಧತಿ ಅಪಾಯ.

ಕೆಲವು ತಾಯಂದಿರಿಗೆ ಎಲ್ಲ ಪ್ರಯತ್ನ ಮಾಡಿದರೂ ಹಾಲು ಸಾಲದೆ ಬರುವುದುಂಟು ಎಂಬುದನ್ನೂ ಹೇಳಬೇಕು. ಥೈರಾಯ್ಡಿನ ದೋಷ, ಎದೆಗೆ ಹಿಂದೆ ಆದ ಶಸ್ತ್ರಕ್ರಿಯೆ, ಹೆರಿಗೆಯಲ್ಲಿ ಬಹಳ ರಕ್ತ ಹೋದುದು, ಇಂಥ ಕಾರಣಗಳಿರಬಹುದು. ಕೂಸು ಕುಡಿಯಲು ಏಳದೆ ಮಂಕಾಗಿ ಮಲಗಿದ್ದರೆ, ಮೂತ್ರ ಕಡಿಮೆಯಾದರೆ, ತೂಕ ಏರದಿದ್ದರೆ ಒಂದು ದಿನವೂ ತಡೆಯದೆ ವೈದ್ಯರಲ್ಲಿಗೆ ಒಯ್ಯಬೇಕು. ಅವರು ಪುಡಿಹಾಲು ಬೇಕೆಂದರೆ ಕೊಡುವುದರಲ್ಲಿ ಅವಮಾನವೇನೂ ಇಲ್ಲ. ಜೊತೆಗೆ ಎದೆಯನ್ನೂ ಊಡುತ್ತಿದ್ದರೆ ಬಂದಷ್ಟು ಹಾಲೂ ಲಾಭವೇ. ಡಬ್ಬಿಯನ್ನು ವೈದ್ಯರು ಬರೆಯಲಿ, ನೆಂಟರು ಬರೆಯುವುದು ಬೇಡ. ಶಿಶುಗಳ ಪುಡಿಹಾಲಿಗೆ ಜಾಹೀರಾತು ಮಾಡುವುದನ್ನೂ, ತಾಯಂದಿರಿಗೆ ಉಚಿತ ಮಾದರಿ ಹಂಚುವುದನ್ನೂ ನಮ್ಮ ದೇಶದಲ್ಲಿ 1992ರ ಕಾಯಿದೆ ನಿಷೇಧಿಸಿತು.

ಕಡೆಯ ಮಾತು ಮನೆಯವರಿಗೆ. ಬಾಣಂತಿಗೆ ನೀರು ಕೊಡಬಾರದೆಂಬ ಕಟ್ಟಳೆಯನ್ನು ಬಿಡಿ, ಬಾಯಾರಿದಷ್ಟೂ ಕುಡಿಯಲಿ. ಮೆಂತ್ಯ, ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ಹಾಕಿದ ಅಡಿಗೆ ರುಚಿಗೂ ಪುಷ್ಟಿಗೂ ಒಳ್ಳೆಯದೇ. ಆದರೆ ಎದೆಯಿಂದ ಹಾಲು ಹೊರಹೋಗದಿದ್ದರೆ ಅವುಗಳಿಂದ ಮಾತ್ರ ಹಾಲು ಹೆಚ್ಚುವುದಿಲ್ಲ. ಎರೆದು, ಉಣಿಸಿ, ಮಲಗಿಸುವ ನಮ್ಮ ಬಾಣಂತನದ ಪದ್ಧತಿ ಬಹಳ ಬೆಲೆಯುಳ್ಳದ್ದು. ಅದಕ್ಕೆ ಇನ್ನೆರಡನ್ನು ಸೇರಿಸಿದರೆ ಸಾಕು. ರಾತ್ರಿ ಕೂಸು ಎದ್ದಾಗ ಬಟ್ಟೆ ಬದಲಿಸಿ ತಾಯಿಯ ಮಡಿಲಿಗೆ ತಂದುಕೊಡುವ ಕೆಲಸವನ್ನು ಗಂಡನೇ ವಹಿಸಿಕೊಳ್ಳಲಿ. ಮುಂದಿನ ಸಲ ಅವಳು "ಹಾಲು ಸಾಲದು" ಎಂದಾಗ, ಅತ್ತೆಯಾಗಲಿ ತಾಯಿಯಾಗಲಿ ಹೌದೆಂದು ತಲೆದೂಗುವ ಮುನ್ನ, ನಿನ್ನೆಯಿಂದ ಎಷ್ಟು ಬಟ್ಟೆ ಒದ್ದೆಯಾಯಿತು ಎಂದು ಎಣಿಸಿ ನೋಡಲಿ.